ಅಂಬಾಸಿಡರ್ ಮತ್ತು ಮಾರುತಿ 800: ವ್ಯತ್ಯಾಸದ ಬೇರು ಇಂಜಿನ್ ಕೂತ ದಿಕ್ಕಿನಲ್ಲಿದೆ

ವಿಜಯಪುರದಲ್ಲಿ ಹಳೆ ಕಾರಿನ ಮಾತು ಬಂತೆಂದರೆ ಎರಡು ಪಕ್ಷ ಗ್ಯಾರಂಟಿ. ಒಬ್ಬರು, "ಅಂಬಾಸಿಡರ್ ಅಂದ್ರ ಕಬ್ಬಿಣ ನೋಡ್ರಿ. ಮಾರುತಿ ಏನದು, ಡಬ್ಬಿ" ಅನ್ನುತ್ತಾರೆ. ಇನ್ನೊಬ್ಬರು, "ಅಂಬಾಸಿಡರ್‌ಗೆ ಪೆಟ್ರೋಲ್ ಹಾಕಿ ಹಾಕಿ ಸಾಕಾಗಿತ್ರಿ. ಮಾರುತಿ ಬಂದ ಮ್ಯಾಲ ಉಸಿರು ಬಿಟ್ವಿ" ಅನ್ನುತ್ತಾರೆ. ಚಹಾ ಮುಗಿಯುತ್ತದೆ, ವಾದ ಮುಗಿಯುವುದಿಲ್ಲ. ಇಬ್ಬರ ಅನುಭವವೂ ನಿಜ. ಆದರೆ ಹಾಗೇಕೆ ಅಂತ ಕೇಳಿದರೆ "ಆಗಿನ ಕಾಲದ ಮಾಲು" ಅನ್ನುವಲ್ಲಿಗೆ ಮಾತು ನಿಂತುಬಿಡುತ್ತದೆ. ಅದಕ್ಕಿಂತ ಒಳ್ಳೆಯ ಉತ್ತರ ಇದೆ, ಮತ್ತು ಅದು ಬಾನೆಟ್ ಎತ್ತಿದ ಕೂಡಲೇ ಕಣ್ಣಿಗೆ ಕಾಣುತ್ತದೆ.

ಎರಡೂ ಕಾರುಗಳನ್ನು ಪಕ್ಕಪಕ್ಕ ನಿಲ್ಲಿಸಿ ಬಾನೆಟ್ ತೆರೆಯಿರಿ. ಅಂಬಾಸಿಡರ್‌ನಲ್ಲಿ ಇಂಜಿನ್ ಉದ್ದಕ್ಕೆ ಕೂತಿದೆ. ಅದರ ಮುಂಭಾಗ ರೇಡಿಯೇಟರ್ ಕಡೆ, ಹಿಂಭಾಗ ಡ್ರೈವರ್ ಕಡೆ. ನಾಲ್ಕು ಸಿಲಿಂಡರ್ ಒಂದರ ಹಿಂದೆ ಒಂದು. ಎರಡೂ ಬದಿ ಕೈ ಹಾಕಲು ಬೇಕಾದಷ್ಟು ಜಾಗ. ಕೆಳಗೆ ನೋಡಿದರೆ ನೆಲವೇ ಕಾಣುತ್ತದೆ. ಮಾರುತಿಯಲ್ಲಿ ಇಂಜಿನ್ ಅಡ್ಡಕ್ಕೆ ಕೂತಿದೆ. ಮೂರು ಸಿಲಿಂಡರ್ ಎಡದಿಂದ ಬಲಕ್ಕೆ ಸಾಲಾಗಿವೆ, ಅದರ ಪಕ್ಕಕ್ಕೇ ಗಿಯರ್ ಬಾಕ್ಸ್ ಅಂಟಿಕೊಂಡಿದೆ. ಸಂದಿಗಳಲ್ಲಿ ಸ್ಪ್ಯಾನರ್ ತೂರಿಸಲು ತುಸು ತಾಳ್ಮೆ ಬೇಕು. ಉದ್ದಕ್ಕೆ ಮತ್ತು ಅಡ್ಡಕ್ಕೆ, ಈ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಘಟ್ಟ ಹತ್ತುವುದು, ಎರೆಮಣ್ಣಿನಲ್ಲಿ ಸಿಕ್ಕಿಕೊಳ್ಳುವುದು, ಮೇ ತಿಂಗಳಲ್ಲಿ ನೀರು ಕುದಿಯುವುದು, ಬೆಳಿಗ್ಗೆ ಹ್ಯಾಂಡಲ್ ಹೊಡೆದು ಶುರು ಮಾಡುವುದು, ಬಹುಪಾಲು ಎಲ್ಲವೂ ಇಲ್ಲಿಂದಲೇ ಹೊರಡುತ್ತವೆ.

ಮೊದಲು ಇವು ಎಲ್ಲಿಂದ ಬಂದವು ಅಂತ ಸ್ವಲ್ಪ ನೋಡೋಣ. ಅಂಬಾಸಿಡರ್ ಮೂಲದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಅಲ್ಲಿ ಅದು ಬಂದದ್ದು 1956ರಲ್ಲಿ. ಮರುವರ್ಷವೇ ಹಿಂದೂಸ್ತಾನ್ ಮೋಟಾರ್ಸ್ ಅದನ್ನು ಕೋಲ್ಕತ್ತಾ ಹತ್ತಿರದ ಉತ್ತರಪಾರಾದಲ್ಲಿ ತಯಾರಿಸಲು ಶುರು ಮಾಡಿತು. ಇಂಗ್ಲೆಂಡಿನಲ್ಲಿ ಆ ಮಾದರಿ ಬೇಗ ಮರೆಯಾಯಿತು. ನಮ್ಮಲ್ಲಿ 2014ರವರೆಗೂ ಬಂತು. ಲೈಸೆನ್ಸ್ ಕಾಲದಲ್ಲಿ ಕಾರು ಬೇಕೆಂದರೆ ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್, ಅಷ್ಟೇ. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಕಾಯುವವರ ಸಾಲು ಇಷ್ಟು ಉದ್ದ ಇದ್ದಾಗ ಕಾರನ್ನು ಬದಲಾಯಿಸುವ ಅವಸರ ಯಾರಿಗಿರುತ್ತದೆ, ಅಲ್ವಾ?

ಮಾರುತಿ ಬಂದದ್ದು 1983ರ ಡಿಸೆಂಬರ್ 14ರಂದು. ಮೊದಲ ಕಾರಿನ ಕೀಲಿಯನ್ನು ಇಂದಿರಾ ಗಾಂಧಿ ದೆಹಲಿಯ ಹರಪಾಲ್ ಸಿಂಗ್ ಅವರ ಕೈಗೆ ಕೊಟ್ಟರು. ಬೆಲೆ 50 ಸಾವಿರ ರೂಪಾಯಿಯ ಆಸುಪಾಸು. ಕಾರು ಕಣ್ಣಿಗೆ ಬೀಳುವ ಮೊದಲೇ ಲಕ್ಷಕ್ಕೂ ಹೆಚ್ಚು ಬುಕಿಂಗ್ ಆಗಿತ್ತು. ಒಳಗಿದ್ದದ್ದು ಜಪಾನಿನ ಸುಜುಕಿಯ 796 ಸಿಸಿ ಇಂಜಿನ್. 1986ರಲ್ಲಿ ಮೈಕಟ್ಟು ಬದಲಾಯಿತು. ನಾವು ಇಂದು ಬಾಗಲಕೋಟೆ, ಜಮಖಂಡಿ ಬೀದಿಗಳಲ್ಲಿ ನೋಡುವ ಹಳೆಯ 800 ಹೆಚ್ಚಾಗಿ ಈ ಎರಡನೇ ಮೈಕಟ್ಟಿನದು. ಅದೂ 2014ರಲ್ಲೇ ನಿಂತಿತು. ಹುಟ್ಟಿನಲ್ಲಿ 26 ವರ್ಷ ಅಂತರ ಇದ್ದ ಎರಡು ಕಾರು ಒಂದೇ ವರ್ಷ ಕೊನೆಯಾದವು.

ಈಗ ಮುಖ್ಯ ವಿಷಯ. ಇಂಜಿನ್ ಹುಟ್ಟಿಸಿದ ಬಲ ಚಕ್ರಕ್ಕೆ ಹೇಗೆ ಹೋಗುತ್ತದೆ?

ಅಂಬಾಸಿಡರ್‌ನಲ್ಲಿ ಇಂಜಿನ್ ಹಿಂದೆ ಕ್ಲಚ್, ಅದರ ಹಿಂದೆ ಗಿಯರ್ ಬಾಕ್ಸ್. ಅಲ್ಲಿಂದ ಒಂದು ಉದ್ದನೆಯ ಶಾಫ್ಟ್ ಕಾರಿನ ಹೊಟ್ಟೆ ಕೆಳಗೆ ಹಿಂದಕ್ಕೆ ಹೋಗುತ್ತದೆ. ಶಾಫ್ಟಿನ ತುದಿಗಳಲ್ಲಿ ಮಿಸ್ತ್ರಿಗಳು ಕ್ರಾಸ್ ಅನ್ನುವ ಜಾಯಿಂಟ್ ಇರುತ್ತವೆ. ಹಿಂದಿನ ಹೌಸಿಂಗ್, ಅಂದರೆ ಹಿಂದಿನ ಆಕ್ಸಲ್ಲಿನ ಕವಚ, ಹಳ್ಳ ದಿಣ್ಣೆಗೆ ಮೇಲೆ ಕೆಳಗೆ ಆಡುವಾಗ ಶಾಫ್ಟ್ ಮುರಿಯದೆ ಬಾಗಿಕೊಳ್ಳಲಿ ಅಂತ ಈ ವ್ಯವಸ್ಥೆ. ಕೊನೆಗೆ ಕ್ರೌನ್ ಪಿನಿಯನ್. ಉದ್ದಕ್ಕೆ ತಿರುಗುತ್ತ ಬಂದ ಬಲವನ್ನು ಅದು ಅಡ್ಡಕ್ಕೆ ತಿರುಗಿಸಿ ಹಿಂದಿನ ಎರಡು ಚಕ್ರಗಳಿಗೆ ಹಂಚುತ್ತದೆ. ಕಬ್ಬಿಣ ಜಾಸ್ತಿ, ತೂಕ ಜಾಸ್ತಿ, ದಾರಿಯಲ್ಲಿ ಒಂದಿಷ್ಟು ಬಲ ತಿಕ್ಕಾಟದಲ್ಲೇ ಹೋಗುತ್ತದೆ. ಹಿಂದಿನ ಸೀಟಿನ ಮುಂದೆ ನಡುವೆ ಉಬ್ಬು ಇದೆಯಲ್ಲ, ಕಾಲಿಡಲು ತೊಡಕಾಗುವುದು, ಅದು ಈ ಶಾಫ್ಟಿಗಾಗಿ ಬಿಟ್ಟ ಜಾಗ.

ಮಾರುತಿಯಲ್ಲಿ ಇಂಜಿನ್ ಮೊದಲೇ ಅಡ್ಡಕ್ಕೆ ತಿರುಗುತ್ತದೆ. ಚಕ್ರವೂ ಅದೇ ದಿಕ್ಕಿಗೆ ತಿರುಗಬೇಕು. ಹಾಗಾಗಿ ಬಲವನ್ನು ಮೂಲೆ ತಿರುಗಿಸುವ ಕೆಲಸವೇ ಇಲ್ಲ. ಗಿಯರ್ ಬಾಕ್ಸ್ ಜೊತೆಯಲ್ಲೇ ಎರಡು ಚಕ್ರಕ್ಕೆ ಬಲ ಹಂಚುವ ಡಿಫರೆನ್ಶಿಯಲ್, ಅಲ್ಲಿಂದ ಎರಡು ಗಿಡ್ಡ ಆಕ್ಸಲ್ ನೇರವಾಗಿ ಮುಂದಿನ ಚಕ್ರಗಳಿಗೆ. ಅಡ್ಡ ಇಂಜಿನ್, ಮುಂದಿನ ಚಕ್ರದ ಎಳೆತ, ಈ ಜೋಡಿಯನ್ನು ಜನಪ್ರಿಯ ಮಾಡಿದ್ದು 1959ರ ಮಿನಿ ಕಾರು, ಅದನ್ನು ರೂಪಿಸಿದವರು ಅಲೆಕ್ ಇಸಿಗೊನಿಸ್. ಆದರೆ ಮಿನಿಯಲ್ಲಿ ಗಿಯರ್ ಬಾಕ್ಸ್ ಇಂಜಿನ್ ಕೆಳಗೆ, ಅದೇ ಎಣ್ಣೆಯಲ್ಲಿ ಮುಳುಗಿತ್ತು. ಅದನ್ನು ಇಂಜಿನ್ ಪಕ್ಕಕ್ಕೆ ತಂದು, ಒಂದು ಆಕ್ಸಲ್ ಉದ್ದ ಇನ್ನೊಂದು ಗಿಡ್ಡ ಮಾಡಿದ್ದು ಇಟಲಿಯ ಡಾಂಟೆ ಜಕೋಸಾ. 1964ರ ಆಟೋಬಿಯಾಂಕಿ ಪ್ರಿಮುಲಾ ಕಾರಿನಲ್ಲಿ ಇದು ಬಂತು. ಇಂದು ನಮ್ಮ ರಸ್ತೆಯ ಹೆಚ್ಚಿನ ಸಣ್ಣ ಕಾರುಗಳು ಇದೇ ದಾರಿ ಹಿಡಿದಿವೆ. ಈ ಬುದ್ಧಿವಂತಿಕೆ ಮೊದಲ ಬಾರಿ ನಮ್ಮ ಸಾಮಾನ್ಯ ಮನೆಗಳ ಅಂಗಳಕ್ಕೆ ಬಂದದ್ದು ಮಾರುತಿ ರೂಪದಲ್ಲಿ. "ಡಬ್ಬಿ" ಅನ್ನುವವರು ಇದನ್ನು ನೆನಪಿಡಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಇದರಿಂದ ಉಳಿದ ಜಾಗ ಎಷ್ಟು? ಅಂಬಾಸಿಡರ್ ಸುಮಾರು 4.3 ಮೀಟರ್ ಉದ್ದ, ಮಾರುತಿ ಸುಮಾರು 3.3 ಮೀಟರ್. ಒಂದು ಮೀಟರ್ ಕಡಿಮೆ ಉದ್ದದಲ್ಲಿ ನಾಲ್ಕು ಜನ ಕೂರುತ್ತಾರೆ. ತೂಕದಲ್ಲೂ ಅಂಬಾಸಿಡರ್ ಸುಮಾರು 1,100 ಕಿಲೋ ಆದರೆ ಮಾರುತಿ 650 ಕಿಲೋ ಆಸುಪಾಸು.

ತೂಕದ ಈ ಲೆಕ್ಕವನ್ನು ಸ್ವಲ್ಪ ಮುಂದಕ್ಕೆ ಒಯ್ಯೋಣ, ಯಾಕೆಂದರೆ ಚಹಾ ಅಂಗಡಿಯ ವಾದಕ್ಕೆ ಉತ್ತರ ಇಲ್ಲಿದೆ. ಪೆಟ್ರೋಲ್ ಅಂಬಾಸಿಡರ್‌ನ 1,489 ಸಿಸಿ ಇಂಜಿನ್ ಸುಮಾರು 50 ಅಶ್ವಶಕ್ತಿ ಕೊಡುತ್ತದೆ. ಮಾರುತಿಯದು ಸುಮಾರು 37. ಕಾಗದದ ಮೇಲೆ ಅಂಬಾಸಿಡರ್ ದೊಡ್ಡದು. ಆದರೆ ಪ್ರತಿ ಟನ್ನಿಗೆ ಎಷ್ಟು ಅಂತ ಭಾಗಿಸಿ ನೋಡಿ. ಅಂಬಾಸಿಡರ್‌ಗೆ ಸುಮಾರು 45, ಮಾರುತಿಗೆ ಸುಮಾರು 57. ಒಬ್ಬರೇ ಕೂತು ಹೊರಟರೆ ಮಾರುತಿ ಚುರುಕು ಅನ್ನಿಸುವುದು ಇದಕ್ಕೇ.

ಈಗ ಎರಡರಲ್ಲೂ ಜನ, ಸಾಮಾನು ಸೇರಿ 400 ಕಿಲೋ ಹಾಕಿ. ನಮ್ಮ ಕಡೆ ಜಾತ್ರೆಗೋ ಲಗ್ನಕ್ಕೋ ಹೊರಟರೆ ಇದೇನು ಹೆಚ್ಚಲ್ಲ. ಅಂಬಾಸಿಡರ್ ಲೆಕ್ಕ 33ಕ್ಕೆ ಇಳಿಯುತ್ತದೆ. ಮಾರುತಿಯದು 57ರಿಂದ ಸೀದಾ 35ಕ್ಕೆ! ಹೊರೆ ಬಿದ್ದಾಗ ಹಗುರ ಕಾರಿನ ಲಾಭ ಹೆಚ್ಚುಕಡಿಮೆ ಮಾಯ. ಅದರ ಮೇಲೆ ಅಂಬಾಸಿಡರ್ ಇಂಜಿನ್ ದೊಡ್ಡದು. ಕಡಿಮೆ ಸ್ಪೀಡಿನಲ್ಲಿ ಅದರ ತಿರುಚು ಬಲ, ಅಂದರೆ ಟಾರ್ಕ್, ಮಾರುತಿಯ ಒಂದೂವರೆ ಪಟ್ಟಿಗಿಂತ ಜಾಸ್ತಿ. ಹೀಗಾಗಿ ಆರು ಜನ ಕೂತರೂ ಅದು ಗೊಣಗದೆ ಎಳೆಯುತ್ತದೆ. ಮಾರುತಿಯಲ್ಲಿ ಗಿಯರ್ ಇಳಿಸಿ, ಇಂಜಿನ್ ಕೂಗಿಸಿ ಹೋಗಬೇಕು. "ಅಂಬಾಸಿಡರ್ ಗಟ್ಟಿ" ಅಂದವರು ತುಂಬಿದ ಗಾಡಿ ಓಡಿಸಿದವರು. "ಮಾರುತಿ ಹಗುರ, ಚಲೋ" ಅಂದವರು ಗಂಡ, ಹೆಂಡತಿ, ಎರಡು ಮಕ್ಕಳ ಮನೆಯವರು. ಇಬ್ಬರೂ ತಮ್ಮ ತಮ್ಮ ಹೊರೆಯ ಲೆಕ್ಕ ಹೇಳುತ್ತಿದ್ದಾರೆ.

ಮಣ್ಣಿನ ವಿಷಯ ಇನ್ನೂ ಸ್ವಾರಸ್ಯದ್ದು. ವಿಜಯಪುರ, ಬಾಗಲಕೋಟೆಯ ಎರೆಭೂಮಿಯಲ್ಲಿ ಒಂದು ಮಳೆ ಬಿದ್ದರೆ ಹೊಲದ ದಾರಿ ಬೆಣ್ಣೆಯಂತಾಗುತ್ತದೆ. ಚಕ್ರಕ್ಕೆ ಹಿಡಿತ ಸಿಗುವುದು ಅದರ ಮೇಲೆ ಬಿದ್ದ ಭಾರದಿಂದ. ಮಾರುತಿಯಲ್ಲಿ ಇಂಜಿನ್, ಗಿಯರ್ ಬಾಕ್ಸ್ ಎರಡೂ ಎಳೆಯುವ ಚಕ್ರದ ಮೇಲೇ ಕೂತಿವೆ. ಖಾಲಿ ಇದ್ದಾಗಲೂ ಅರ್ಧಕ್ಕಿಂತ ಜಾಸ್ತಿ ಭಾರ ಮುಂದೆ. ಹಾಗಾಗಿ ಸಮತಟ್ಟಾದ ಕೆಸರಿನಲ್ಲಿ ಖಾಲಿ ಮಾರುತಿ ಖಾಲಿ ಅಂಬಾಸಿಡರ್‌ಗಿಂತ ಚೆನ್ನಾಗಿ ಪಾರಾಗುತ್ತದೆ. ಅಂಬಾಸಿಡರ್‌ನಲ್ಲಿ ಇಂಜಿನ್ ಭಾರ ಮುಂದೆ, ತಿರುಗುವ ಚಕ್ರ ಹಿಂದೆ. ಹಿಂದೆ ಯಾರೂ ಇಲ್ಲದಿದ್ದರೆ ಚಕ್ರ ಸುಮ್ನೆ ಗಿರಗಿರ ತಿರುಗುತ್ತದೆ. ಇಬ್ಬರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಡಿಕ್ಕಿಯಲ್ಲಿ ಒಂದು ಚೀಲ ಹಾಕಿದರೆ ಹೊರಟುಬಿಡುತ್ತದೆ.

ಏರಿನಲ್ಲಿ ಇದು ತಿರುಗುಮುರುಗು. ಏರು ಹತ್ತುವಾಗ ಗಾಡಿಯ ಭಾರ ಹಿಂದಕ್ಕೆ ಸರಿಯುತ್ತದೆ. ಅಂಬಾಸಿಡರ್‌ಗೆ ಅದು ವರ. ಎಳೆಯುವ ಚಕ್ರಕ್ಕೇ ಭಾರ ಬಂತು. ಮಾರುತಿಯಲ್ಲಿ ಎಳೆಯುವ ಚಕ್ರ ಹಗುರವಾಗುತ್ತದೆ. ಹಿಂದೆ ಮೂರು ಜನ ಕೂತಿದ್ದರಂತೂ ಕಂಕರ್ ರಸ್ತೆಯ ಏರಿನಲ್ಲಿ ಮುಂದಿನ ಚಕ್ರ ಕಲ್ಲು ಚಿಮ್ಮಿಸುತ್ತ ನಿಂತಲ್ಲೇ ತಿರುಗುತ್ತದೆ. ಅಂಥ ಕಡೆ ಹಳೆ ಡ್ರೈವರ್‌ಗಳು ಮಾರುತಿಯನ್ನು ತಿರುಗಿಸಿ ರಿವರ್ಸ್ ಗಿಯರಿನಲ್ಲಿ ಏರು ಹತ್ತಿಸುತ್ತಾರೆ. ಇದರಲ್ಲಿ ಪೂರ್ತಿ ಲೆಕ್ಕ ಇದೆ. ಹಿಮ್ಮುಖ ಹೋದಾಗ ಎಳೆಯುವ ಚಕ್ರ ಇಳಿಜಾರಿನ ಕೆಳಗೆ ಬರುತ್ತದೆ, ಭಾರ ಅದರ ಮೇಲೇ ಬೀಳುತ್ತದೆ. ಜೊತೆಗೆ ರಿವರ್ಸ್ ಗಿಯರ್ ಒಳ್ಳೆ ಎಳೆತದ ಗಿಯರ್. ಬೆಳಗಾವಿಯಿಂದ ಗೋವಾಕ್ಕೆ ಹೋಗುವ ಚೋರ್ಲಾ ಘಟ್ಟದಂಥ ಡಾಂಬರ್ ರಸ್ತೆಯಲ್ಲಿ ಈ ಕಸರತ್ತು ಬೇಕಿಲ್ಲ. ಅಲ್ಲಿ ಹಿಡಿತ ಎರಡಕ್ಕೂ ಸಾಕು, ಪ್ರಶ್ನೆ ಬರೀ ಇಂಜಿನ್ ಬಲದ್ದು.

ಇನ್ನು ಬಿಸಿಲು. ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲಿ. ರೈಲ್ವೆ ಗೇಟ್ ಬಿದ್ದಿದೆ, ಗಾಡಿ ನಿಂತಿದೆ. ಅಂಬಾಸಿಡರ್ ಇಂಜಿನ್ ಉದ್ದಕ್ಕೆ ಇರುವುದರಿಂದ ಅದರ ಮೂಗು ರೇಡಿಯೇಟರ್ ಕಡೆಗೇ ಇದೆ. ಅಲ್ಲೇ ಒಂದು ಫ್ಯಾನ್, ಇಂಜಿನ್ ಬೆಲ್ಟಿನಿಂದ ತಿರುಗುವುದು. ಸರಳ, ಕೆಡುವ ಭಯ ಕಡಿಮೆ. ಆದರೆ ಇಂಜಿನ್ ನಿಧಾನ ಇದ್ದರೆ ಫ್ಯಾನೂ ನಿಧಾನ. ಗಾಳಿ ಹೆಚ್ಚು ಬೇಕಾದ ಹೊತ್ತಿಗೇ ಕಡಿಮೆ ಸಿಗುತ್ತದೆ. ಮುಳ್ಳು ಮೇಲೇರುತ್ತದೆ, ನೀರು ಕುದಿಯುತ್ತದೆ. ಆಗ ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿಯುವ ಡ್ರೈವರ್‌ಗಳು ಫ್ಯಾನ್ ಜೋರು ಮಾಡುತ್ತಿರುತ್ತಾರೆ.

ಮಾರುತಿಯಲ್ಲಿ ಇಂಜಿನ್ ಅಡ್ಡ ಇರುವುದರಿಂದ ಅದರ ಬೆಲ್ಟಿನ ತುದಿ ಮಡ್‌ಗಾರ್ಡ್ ಕಡೆಗಿದೆ. ಬೆಲ್ಟಿನಿಂದ ರೇಡಿಯೇಟರ್ ಫ್ಯಾನ್ ತಿರುಗಿಸಲು ದಾರಿಯಿಲ್ಲ. ಅದಕ್ಕೇ ಕರೆಂಟಿನ ಫ್ಯಾನ್. ನೀರು ಬಿಸಿಯಾದಾಗ ಒಂದು ಸ್ವಿಚ್ ತಾನಾಗಿ ಅದನ್ನು ಹಾಕುತ್ತದೆ. ಗಾಡಿ ನಿಂತಿದ್ದರೂ ಫ್ಯಾನ್ ಪೂರ್ತಿ ಜೋರಿನಲ್ಲಿ ತಿರುಗುತ್ತದೆ. ಗೇಟಿನ ಮುಂದೆ ಇದೇ ಮೇಲು. ಆದರೆ ಆ ಸಣ್ಣ ಸ್ವಿಚ್ಚೋ ಫ್ಯೂಸೋ ಕೆಟ್ಟರೆ ಯಾರಿಗೂ ಹೇಳದೆ ಇಂಜಿನ್ ಬಿಸಿಯೇರುತ್ತದೆ. ಇಲ್ಲಿ ಇನ್ನೊಂದು ಮಾತು. ಅಂಬಾಸಿಡರ್ ಇಂಜಿನ್ನಿನ ಹೆಡ್, ಅಂದರೆ ಸಿಲಿಂಡರ್‌ಗಳ ಮೇಲಿನ ಮುಚ್ಚಳ, ಬೀಡು ಕಬ್ಬಿಣದ್ದು, ಒಂದೆರಡು ಸಲ ಕುದ್ದರೆ ತಡೆದುಕೊಳ್ಳುತ್ತದೆ. ಮಾರುತಿಯದು ಅಲ್ಯೂಮಿನಿಯಂ ಹೆಡ್. ಒಮ್ಮೆ ಚೆನ್ನಾಗಿ ಕಾದರೆ ಬೆಂಡ್ ಆಗಿ ಗ್ಯಾಸ್ಕೆಟ್ ಹೊಡೆಯುತ್ತದೆ. ಹಳೆ ಮಾರುತಿ ಇಟ್ಟುಕೊಂಡವರು ಬೇಸಿಗೆಗೆ ಮೊದಲು ಫ್ಯಾನ್ ಸ್ವಿಚ್ ಬದಲಾಯಿಸಿಬಿಡಬೇಕು. ಹೆಡ್ ಕೆಲಸದ ಖರ್ಚಿನ ಮುಂದೆ ಆ ಸ್ವಿಚ್ಚಿನ ಬೆಲೆ ಏನೂ ಅಲ್ಲ.

ಹ್ಯಾಂಡಲ್ ಕತೆಯೂ ಇದೇ. ಹಳೆಯ ಅಂಬಾಸಿಡರ್‌ಗೆ ಬ್ಯಾಟರಿ ಇಳಿದರೆ ಮುಂದಿನಿಂದ ಕಬ್ಬಿಣದ ಹ್ಯಾಂಡಲ್ ತೂರಿಸಿ ತಿರುಗಿಸಿ ಶುರು ಮಾಡಬಹುದಿತ್ತು. ಇಂಜಿನ್ನಿನೊಳಗೆ ತಿರುಗುವ ಮುಖ್ಯ ಶಾಫ್ಟಿನ, ಅಂದರೆ ಕ್ರ್ಯಾಂಕ್ ಶಾಫ್ಟಿನ, ತುದಿ ನೇರ ಬಂಪರ್ ಕಡೆ ಇರುವುದರಿಂದ ಅದು ಸಾಧ್ಯ. ಅಡ್ಡ ಇಂಜಿನ್ನಿಗೆ ಆ ಸೌಲಭ್ಯ ಇಲ್ಲ. ಮಾರುತಿಗೆ ತಳ್ಳುವವರು ಬೇಕು, ಆದರೆ ಹಗುರ ಇರುವುದರಿಂದ ಇಬ್ಬರು ಸಾಕು.

ಒಂದು ತಪ್ಪು ನಂಬಿಕೆಯನ್ನು ಇಲ್ಲಿ ಬಿಡಿಸಬೇಕು. ಅಂಬಾಸಿಡರ್‌ಗೆ ಲಾರಿಯಂತೆ ಬೇರೆ ಚಾಸಿ ಇದೆ, ಅದಕ್ಕೇ ಗಟ್ಟಿ ಅಂತ ಬಹಳ ಜನ ಹೇಳುತ್ತಾರೆ. ಹಾಗಿಲ್ಲ. ಅದೂ ಮಾರುತಿಯಂತೆ ಬಾಡಿಯೇ ಚಾಸಿ ಆಗಿರುವ ಕಾರು. ತಗಡು ದಪ್ಪ, ಅಷ್ಟೇ. ಹಾಗಾಗಿ ತಳ ತುಕ್ಕು ಹಿಡಿದರೆ ಎರಡಕ್ಕೂ ಒಂದೇ ಗಂಡಾಂತರ. ದಪ್ಪ ತಗಡು ಸಣ್ಣ ಗುದ್ದಿಗೆ ಜಗ್ಗುವುದಿಲ್ಲ, ನಿಜ. ಆದರೆ ದೊಡ್ಡ ಅಪಘಾತದಲ್ಲಿ ತಗಡು ಮಡಚಿಕೊಂಡು ಪೆಟ್ಟನ್ನು ನುಂಗದಿದ್ದರೆ ಆ ಪೆಟ್ಟು ಒಳಗೆ ಕೂತವರಿಗೇ ಬರುತ್ತದೆ. ಹಳೆಯ ಕಾಲದ ಈ ಎರಡೂ ಕಾರು ಇಂದಿನ ಸುರಕ್ಷತೆಯ ಲೆಕ್ಕದಲ್ಲಿ ಬಹಳ ಹಿಂದೆ. ಹಳೆ ಅಂಬಾಸಿಡರ್‌ಗೆ ನಾಲ್ಕೂ ಕಡೆ ಡ್ರಮ್ ಬ್ರೇಕ್. 1986ರ ನಂತರದ ಮಾರುತಿಗೆ ಮುಂದೆ ಡಿಸ್ಕ್. ತೂಕವೂ ಕಡಿಮೆ ಇರುವುದರಿಂದ ಮಾರುತಿ ಬೇಗ ನಿಲ್ಲುತ್ತದೆ. ಸೊಲ್ಲಾಪುರ ಹೈವೇಯಲ್ಲಿ ಹೋಗುವವರಿಗೆ ನಾನು ಮೊದಲು ಹೇಳುವುದು ಬ್ರೇಕಿನ ಮಾತನ್ನೇ.

ಕೂತಾಗಿನ ಸುಖದಲ್ಲಿ ಮಾತ್ರ ಅಂಬಾಸಿಡರ್ ಗೆಲ್ಲುತ್ತದೆ. ಅದರ 15 ಇಂಚಿನ ಚಕ್ರ ಸಣ್ಣ ಗುಂಡಿಯ ಮೇಲೆ ಹಾಯ್ದುಹೋಗುತ್ತದೆ. ಮಾರುತಿಯ 12 ಇಂಚಿನ ಚಕ್ರ ಅದೇ ಗುಂಡಿಗೆ ಇಳಿದು ಏಳುತ್ತದೆ. ಗಿಯರ್ ಕೋಲು ಸ್ಟೇರಿಂಗ್ ಪಕ್ಕ ಇದ್ದ ಕಾಲದ ಅಂಬಾಸಿಡರ್‌ನಲ್ಲಿ ಮುಂದೆ ಉದ್ದ ಸೀಟು, ಮೂವರು ಕೂರಬಹುದಿತ್ತು. ಮಾರುತಿ ನಿಂತಲ್ಲಿ ನಡುಗುವುದಕ್ಕೂ ಕಾರಣ ಇದೆ. ನಾಲ್ಕು ಸಿಲಿಂಡರ್ ಇಂಜಿನ್ ಅರ್ಧ ಸುತ್ತಿಗೊಮ್ಮೆ ಉರಿಯುತ್ತದೆ. ಮೂರು ಸಿಲಿಂಡರ್‌ದು ಮೂರನೇ ಎರಡು ಭಾಗ ಸುತ್ತಿಗೊಮ್ಮೆ. ನಡುವಿನ ಅಂತರ ಹೆಚ್ಚು, ಅದಕ್ಕೇ ಅಲುಗಾಟ. ಇಂಜಿನ್ ಮೌಂಟಿಂಗ್ ರಬ್ಬರ್ ಹೊಸದು ಹಾಕಿದರೆ ಅರ್ಧ ನಡುಕ ಹೋಗುತ್ತದೆ.

ರಿಪೇರಿಯ ಗುಣವೂ ಬೇರೆ. ಅಂಬಾಸಿಡರ್‌ನ ಮುಂದಿನ ಚಕ್ರದ ಪಿನ್ನುಗಳಿಗೆ ಗ್ರೀಸ್ ನಿಪ್ಪಲ್ ಇವೆ. ಆಗಾಗ ಗ್ರೀಸ್ ಗನ್ ಹಿಡಿಯಬೇಕು. ಬುಷ್ ಸವೆದರೆ ಲೇತ್‌ನಲ್ಲಿ ಹೊಸದು ತಿರುವಿ ಕೂರಿಸಬಹುದು. ಬೆಳಗಾವಿಯಂಥ ಫೌಂಡ್ರಿ, ಲೇತ್‌ಗಳ ಊರಿಗೆ ಇದು ಹೇಳಿ ಮಾಡಿಸಿದ ಕಾರು. ಅಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಂಥ ಕಡೆ ಕೈ ಪಳಗಿದ ಟರ್ನರ್ ಸಿಕ್ಕರೆ ಅಂಗಡಿಯಲ್ಲಿ ಸಿಗದ ಸಾಮಾನೂ ಸಿದ್ಧ. ಮಾರುತಿಯಲ್ಲಿ ಬಾಲ್ ಜಾಯಿಂಟ್ ಮುಚ್ಚಿದ್ದು. ಸವೆದರೆ ತೆಗೆದು ಹೊಸದು ಹಾಕುವುದು, ಅಷ್ಟೇ. ಕೆಲಸ ಬೇಗ, ಆದರೆ ಸಾಮಾನು ಸಿಗಬೇಕು.

ಖರೀದಿಗೆ ಹೋದಾಗ ಕಿವಿ ಕೊಟ್ಟು ಕೇಳಬೇಕಾದ ಸದ್ದುಗಳೂ ಇಂಜಿನ್ನಿನ ದಿಕ್ಕಿನಿಂದಲೇ ಬರುತ್ತವೆ. ಮಾರುತಿಯ ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ನಿಧಾನ ಸುತ್ತು ಹಾಕಿ. ಮುಂದಿನಿಂದ ಟಕ್ ಟಕ್ ಅಂತ ಬಂದರೆ ಆಕ್ಸಲ್ ಜಾಯಿಂಟ್ ಹೋಗಿದೆ. ಮುಂದಿನ ಚಕ್ರ ತಿರುಗಲೂ ಬೇಕು, ಎಳೆಯಲೂ ಬೇಕು. ಆ ಎರಡು ಕೆಲಸ ಹೊತ್ತ ಜಾಯಿಂಟಿಗೆ ರಬ್ಬರ್ ಬೂಟ್ ಹಾಕಿರುತ್ತಾರೆ. ಬೂಟ್ ಹರಿದು ನಮ್ಮ ಧೂಳು ಒಳಗೆ ಹೋದರೆ ಗ್ರೀಸ್ ಮರಳುಕಾಗದದ ಕೆಲಸ ಮಾಡುತ್ತದೆ. ಬಗ್ಗಿ ನೋಡಿ, ಚಕ್ರದ ಒಳಬದಿಗೆ ಗ್ರೀಸ್ ಸಿಡಿದಿದ್ದರೆ ಬೂಟ್ ಹರಿದಿದೆ. ಅಂಬಾಸಿಡರ್‌ನಲ್ಲಿ ಕ್ಲಚ್ ಬಿಡುವಾಗ ಕೆಳಗಿನಿಂದ ಢಣ್ ಅಂದರೆ ಕ್ರಾಸ್ ಸವೆದಿದೆ, ಕಡಿಮೆ ಖರ್ಚಿನ ಕೆಲಸ. ಓಡುವಾಗ ಹಿಂದಿನಿಂದ ಹೂಂ ಅಂತ ರಾಗ ಎಳೆದು, ಆಕ್ಸಿಲರೇಟರ್ ಬಿಟ್ಟಾಗ ರಾಗ ಬದಲಾದರೆ ಕ್ರೌನ್ ಪಿನಿಯನ್ ಹೋಗಿದೆ. ಅದು ದುಬಾರಿ, ಬೆಲೆ ಇಳಿಸಲು ಹೇಳಿ.

ಇಂಧನದ ಒಂದು ಎಚ್ಚರಿಕೆ ಎರಡಕ್ಕೂ ಸೇರಿದ್ದು. ನಮ್ಮ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳಲ್ಲೇ ತಯಾರಾಗುವ ಎಥನಾಲ್ ಈಗ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಇರುತ್ತದೆ. ಹಳೆಯ ರಬ್ಬರ್ ಪೈಪ್, ಪಂಪಿನ ಡಯಾಫ್ರಮ್ ಅದಕ್ಕೆ ಮೆತ್ತಗಾಗಿ ಸೋರುತ್ತವೆ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಬೆಂಕಿ. ಎಥನಾಲ್ ತಡೆಯುವ ಪೈಪ್ ಹಾಕಿಸುವುದು ಮೊದಲ ಕೆಲಸ ಆಗಲಿ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕಿನಲ್ಲಿ ಹಳೆ ಪೆಟ್ರೋಲ್ ಬಿಡಬೇಡಿ, ನೀರು ಹೀರಿ ಒಳಗೆ ತುಕ್ಕು ಹಿಡಿಸುತ್ತದೆ. ಹಳೆಯ ಅಂಬಾಸಿಡರ್ ಇಂಜಿನ್ ಸೀಸ ಬೆರೆತ ಪೆಟ್ರೋಲಿನ ಕಾಲದ್ದು. ಆ ಪೆಟ್ರೋಲ್ 2000ದಲ್ಲಿ ನಿಂತಿತು. ಸೀಸ ಇಲ್ಲದೆ ಹಳೆಯ ವಾಲ್ವ್ ಸೀಟ್ ಬೇಗ ಸವೆಯುತ್ತದೆ. ಹೆಡ್ ಬಿಚ್ಚಿದ ದಿನ ಗಟ್ಟಿ ವಾಲ್ವ್ ಸೀಟ್ ಹಾಕಿಸಿಬಿಡಿ.

ನನ್ನನ್ನು ಕೇಳಿದರೆ, ವಾರಕ್ಕೆರಡು ಸಲ ಓಡಿಸಲು, ಸಣ್ಣ ಮನೆಗೆ, ಒಂದು ಒಳ್ಳೆ ಮಾರುತಿ. ಒಂದು ಲೀಟರಿಗೆ ಅಂಬಾಸಿಡರ್‌ಗಿಂತ ಹತ್ತಿರ ಹತ್ತಿರ ಎರಡು ಪಟ್ಟು ದೂರ ಹೋಗುತ್ತದೆ. ಮನೆಯಲ್ಲಿ ಅಜ್ಜನ ಕಾಲದ ಅಂಬಾಸಿಡರ್ ಇದ್ದರೆ ಮಾತ್ರ ಗುಜರಿಗೆ ಕೊಡಬೇಡಿ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದ ಕಾರಿಗೆ 2021ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿ ಸಿಗುತ್ತದೆ. ನಂಬರಿನಲ್ಲಿ ವಿಎ ಅಕ್ಷರ ಬರುತ್ತದೆ. ಅದು ರೋಜಿನ ಓಡಾಟಕ್ಕಲ್ಲ, ಪ್ರದರ್ಶನ, ರ‍್ಯಾಲಿಯಂಥದ್ದಕ್ಕೆ. 1975ಕ್ಕಿಂತ ಹಿಂದಿನ ಅಂಬಾಸಿಡರ್ ಆಗಲೇ ಆ ವಯಸ್ಸಿಗೆ ಬಂದಿದೆ. ಅದಕ್ಕೆ ಬೇರೆ ಡೀಸೆಲ್ ಇಂಜಿನ್ ಕೂರಿಸುವ ಆಸೆ ಇದ್ದರೆ ಮೊದಲು ಈ ಮೂಲ ರೂಪದ ಮಾತನ್ನು ಯೋಚಿಸಿ. ಮತ್ತೊಬ್ಬರಿಂದ ಕೊಳ್ಳುವುದಾದರೆ ದುಡ್ಡು ಕೊಡುವ ಮೊದಲು ಇಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಬಟ್ಟೆಯಿಂದ ಒರೆಸಿ, ಆರ್‌ಸಿಯಲ್ಲಿ ಇರುವುದರ ಜೊತೆ ಒಂದೊಂದೇ ಅಂಕಿ ಹೋಲಿಸಿ ನೋಡಿ.